ಬಸಣ್ಣನ ಶೇಂಗಾ ಎಣ್ಣಿ

ವಿಜಯಪುರದಾಗ ನಮ್ಮ ಮಂದಿಯ ವಾಕಿಂಗ್ ಅಂದ್ರ ಗೋಳಗುಮ್ಮಟದ ತೋಟದಾಗ ಎರಡು ಸುತ್ತು, ಆಮ್ಯಾಲೆ ಹೊರಗ ಭಜಿ ಗಾಡಿ ಮುಂದ ಒಂದು ತಾಸು. ಬಸಣ್ಣ ಮೂರನೇ ಮಿರ್ಚಿಗೆ ಕೈ ಹಾಕಿದ್ದ. ರಿಟೈರ್ ಆದ ಕಂಪೌಂಡರ್ ಸಿದ್ದಪ್ಪ ಕಾಕಾ ಪ್ಲೇಟ್ ಎಳಕೊಂಡ್ರು.

“ಯಾಕ್ರೀ ಕಾಕಾ? ಶೇಂಗಾ ಎಣ್ಣಿ. ಡಬ್ಬಿ ಮ್ಯಾಲೆ ಕೊಲೆಸ್ಟ್ರಾಲ್ ಇಲ್ಲ ಅಂತ ಬರದಾರ.”

“ಶೇಂಗಾದಾಗ ಅದು ಯಾವಾಗಿತ್ತೋ ತಮ್ಮಾ? ಬಹಳಷ್ಟು ಕೊಲೆಸ್ಟ್ರಾಲ್ ನಿನ್ನ ಲಿವರ್ರೇ ಮಾಡತೈತಿ. ಮತ್ತ ಆ ಎಣ್ಣಿ ಬಣ್ಣ ನೋಡು, ಮೊನ್ನಿಂದ ಕುದಿಯಾಕತ್ತೈತಿ.”

ರಸೂಲ್ ಬಾಯಿ ಹಾಕಿದ. ವಾಟ್ಸಾಪ್ ಓದಿದ ದಿನ ಅವನನ್ನ ತಡಿಯೋರಿಲ್ಲ. “ರಕ್ತದ ನರ ಅಂದ್ರ ನಳದ ಪೈಪ್. ಒಳಗ ಕೊಬ್ಬು ಮೆತ್ತಗೊಂಡಿರತೈತಿ. ಬಿಸಿನೀರಿಗೆ ಲಿಂಬಿ ಹಿಂಡಿ ಕುಡದ್ರ ತೊಳದು ಹೋಗತೈತಿ.”

“ಬಿಸಿನೀರು ಹೊಟ್ಟಿಗೆ ಹೋಗತೈತೋ, ನರಕ್ಕಲ್ಲ! ಕೊಬ್ಬು ಮ್ಯಾಲೆ ಮೆತ್ತಗೊಳ್ಳಂಗಿಲ್ಲ, ನಾಳದ ಗೋಡಿ ಒಳಗ ಹೊಕ್ಕು ಕೂಡತೈತಿ. ಬಿಪಿ, ಶುಗರ್, ನೀ ಸೇದೋ ಬೀಡಿ, ಇವೆಲ್ಲಾ ಒಳಪದರ ಕೆಡಸ್ತಾವು. ಎಲ್‌ಡಿಎಲ್ ಅಂದ್ರ ಕೆಟ್ಟ ಕೊಲೆಸ್ಟ್ರಾಲ್, ಅದು ಅಲ್ಲಿ ನುಸುಳತೈತಿ. ಅದನ್ನ ತಿನ್ನಾಕ ಬಿಳಿ ರಕ್ತಕಣ ಬರ್ತಾವು. ತಿಂದು ತಿಂದು ಉಬ್ಬಿ ಅಲ್ಲೇ ಸಾಯ್ತಾವು.”

ಎಲ್ಲಾರೂ ಬಸಣ್ಣನ ಕಡೆ ನೋಡಿದ್ವಿ.

“ನನ್ನ ಯಾಕ ನೋಡ್ತೀರಿ?”

“ಆಮ್ಯಾಲೆ ಅಲ್ಲಿ ಕ್ಯಾಲ್ಸಿಯಂ ಕೂತು ನಾಳ ಬಿರುಸಾಗತೈತಿ. ಹೃದಯದ ನಾಳ ಇರೂದ 3-4 ಮಿಲಿಮೀಟರ್. ಅರ್ಧ ಮುಚ್ಚಿದ್ರೂ ಎಷ್ಟೋ ಮಂದಿಗೆ ಗೊತ್ತ ಆಗಂಗಿಲ್ಲ.”

“ಅಂದ್ರ ಸಣ್ಣ ಬ್ಲಾಕಿಗೆ ಚಿಂತಿಲ್ಲ?”

“ಅಲ್ಲೇ ಮೋಸ ಇರೂದು. ಕೊಬ್ಬಿನ ಸಣ್ಣ ಗಂಟೂ ಒಡೀತೈತಿ. ಒಡದಲ್ಲೇ ರಕ್ತ ಹೆಪ್ಪುಗಟ್ಟಿ ನಾಳ ಬಂದ್. ಹೃದಯದಾಗ ಆದ್ರ ಅಟ್ಯಾಕ್, ಮಿದುಳಿನಾಗ ಆದ್ರ ಲಕ್ವಾ.”

ಭಜಿಯವ ಸೈತ ಝಾರಾ ಎತ್ತಿ ಹಿಡಕೊಂಡು ನಿಂತ. ವ್ಯಾಪಾರಕ್ಕ ಇದು ಒಳ್ಳೇ ಮಾತಲ್ಲ.

“ಇದು ಈಗಿನ ರೋಗ ಬಿಡ್ರಿ,” ಬಸಣ್ಣ ಸೋಲವಲ್ಲ. “ಹಿಂದಿನವ್ರು ರೊಟ್ಟಿ ತಿಂದು ಗಟ್ಟಿಯಾಗಿದ್ರು.”

“2013ರಾಗ 137 ಮಮ್ಮಿಗಳ, ಅಂದ್ರ ಕೆಡದಂಗ ಉಳಿದ ಹಳೇ ಕಾಲದ ಹೆಣಗಳ, ಸ್ಕ್ಯಾನ್ ವರದಿ ಬಂತು. ಈಜಿಪ್ಟಿನವು, ಪೆರುವಿನವು, ಇನ್ನೂ ಕೆಲವು ಕಡೆಯವು. ಹತ್ತತ್ರ ಮೂರಕ್ಕೊಂದರಾಗ ಇದ ರೋಗದ ಗುರುತಿತ್ತು.”

ಬಸಣ್ಣ ಗುಮ್ಮಟದ ಕಡೆ ಕತ್ತೆತ್ತಿದ. “ಹಂಗಾದ್ರ ಒಳಗ ಮಲಗಿದ ಆದಿಲ್‌ಶಾಹಿ ಸುಲ್ತಾನಂದು?”

“ಅವರನ್ನ ಸ್ಕ್ಯಾನ್ ಮಾಡಾಕ ಸರ್ಕಾರ ಬಿಡಂಗಿಲ್ಲ. ನಿನ್ನ ರಕ್ತದಾಗಿನ ಕೊಬ್ಬು ನೋಡೋ ಲಿಪಿಡ್ ಟೆಸ್ಟ್ ಮಾಡಸೂಣು, ಏಳು.”

“ಖಾಲಿ ಹೊಟ್ಟಿ ಬೇಕಲ್ರೀ, ಈಗ ತಿಂದೀನಿ.”

“ಮೊದಲ ಟೆಸ್ಟಿಗೆ ಉಪವಾಸ ಇರಬೇಕಂತ ಏನಿಲ್ಲ.”

ಬಸಣ್ಣ ಸ್ವಲ್ಪ ಹೊತ್ತು ವಿಚಾರ ಮಾಡಿದ. “ಇವತ್ತ ಬಿಪಿ ಅಷ್ಟ ನೋಡಸೂಣ್ರಿ ಕಾಕಾ. ಅದಕ್ಕ ಸೂಜಿ ಇರಂಗಿಲ್ಲ.”