ದಂಬೆ ಶುಚಿ ಮಾಡುವ ವ್ಯಾಕ್ಯೂಮ್ ಯಂತ್ರ, ಅದಕ್ಕೆ ಬೇಕಾದ ಕರೆಂಟು: ಬಳಗದ ಪ್ರಶ್ನೋತ್ತರ

ತಂತ್ರಜ್ಞ (ಮಂಗಳೂರು): ಮಳೆಗಾಲ ಹತ್ತಿರವಾಗಿದೆ. ಮಾಡಿನ ಅಂಚಿನಲ್ಲಿ ಮಳೆನೀರು ಹರಿಯುವ ದಂಬೆಯಲ್ಲಿ ಕಟ್ಟಿಕೊಂಡ ಎಲೆ, ಪಾಚಿ, ಕೆಸರನ್ನು ನೆಲದಲ್ಲಿ ನಿಂತೇ ಎಳೆದು ತೆಗೆಯುವ ಯಂತ್ರಗಳ ಬಗ್ಗೆ ಬಳಗದಲ್ಲಿ ದಿನವೂ ಯಾರಾದರೂ ಕೇಳುತ್ತಿದ್ದೀರಿ. ಈ ಯಂತ್ರಗಳ ದುರಸ್ತಿ ಮತ್ತು ಕಟ್ಟಡಗಳ ವೈರಿಂಗ್ ನನ್ನ ಕಸುಬು. ಇಂದು ಸಂಜೆ ಬಿಡುವಿದೆ, ಕೇಳಿ. ಕರೆಂಟು ಎಲ್ಲಿಂದ ತೆಗೆಯುತ್ತೀರಿ ಎಂಬುದನ್ನು ತಪ್ಪದೆ ಬರೆಯಿರಿ.

ಪುತ್ತೂರು: ನಮಸ್ಕಾರ ಸರ್. ಹೊಸದಾಗಿ ಶುರು ಮಾಡುತ್ತಿದ್ದೇನೆ. ಹೆಚ್ಚಾಗಿ ಒಂದು, ಎರಡು ಅಂತಸ್ತಿನ ಹೆಂಚಿನ ಮನೆಗಳು. ಎಷ್ಟು ವಾಟಿನ ಯಂತ್ರ ಬೇಕು? ಮನೆಯವರ ಕರೆಂಟಿನಲ್ಲೇ ಓಡುತ್ತದೆಯೇ?

ತಂತ್ರಜ್ಞ: ನಮಸ್ಕಾರ. ನಿಮಗೆ ಎರಡು ಮೋಟರಿನ ಯಂತ್ರ ಸಾಕು. ಒಂದೊಂದು 1200 ವಾಟ್ ಎಂದಿಟ್ಟುಕೊಳ್ಳಿ. ಎರಡಕ್ಕೆ 2400 ವಾಟ್, 230 ವೋಲ್ಟಿನಲ್ಲಿ ಸುಮಾರು ಹತ್ತೂವರೆ ಆಂಪಿಯರ್. ಟಿ.ವಿ. ಹಾಕುವ 6 ಆಂಪಿಯರ್ ಸಾಕೆಟ್‌ಗೆ ಇದನ್ನು ಚುಚ್ಚಬೇಡಿ. ಗೀಸರಿಗೆ ಇಟ್ಟಿರುವ 16 ಆಂಪಿಯರ್ ಸಾಕೆಟ್ಟೇ ಬೇಕು. ಮೂರು ಮೋಟರಾದರೆ 15.6 ಆಂಪಿಯರ್ ಆಗುತ್ತದೆ, ಅಂದರೆ ಸಾಕೆಟ್ಟಿನ ಮಿತಿಯ ಅಂಚು. ಹಳೆಯ ಮನೆಗಳಲ್ಲಿ ಗಂಟೆಗಟ್ಟಲೆ ಹಾಗೆ ಓಡಿಸಿದರೆ ಪ್ಲಗ್ಗಿನ ಪಿನ್ನು ಕಂದುಬಣ್ಣಕ್ಕೆ ತಿರುಗಿರುವುದನ್ನು ನೀವೇ ನೋಡುತ್ತೀರಿ.

ವೈರು 2.5 ಚದರ ಮಿ.ಮೀ. ತಾಮ್ರದ್ದೇ ಇರಲಿ. 30 ಮೀಟರ್ ಎಳೆದಾಗ 1.5ರ ವೈರಿನಲ್ಲಿ ಎಂಟು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ, 2.5ರಲ್ಲಿ ಐದು. ಸುರುಳಿಯಲ್ಲಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿಯೇ ಓಡಿಸಬೇಕು. ಸುತ್ತಿಕೊಂಡೇ ಇದ್ದರೆ ಒಳಗಿನ ಸುತ್ತುಗಳು ಕಾದು ಹೊದಿಕೆ ಕರಗುತ್ತದೆ.

ಕೊಳ್ಳುವಾಗ ವಾಟಿಗಿಂತ ಮೊದಲು ಕೇಳಬೇಕಾದದ್ದು, ಮೋಟರು ಬೈಪಾಸ್ ಮಾದರಿಯದೇ ಎಂದು. ಅದರಲ್ಲಿ ಎಳೆದ ಗಾಳಿ ಬೇರೆ, ಮೋಟರನ್ನು ತಂಪಾಗಿಡುವ ಗಾಳಿ ಬೇರೆ. ಮನೆಬಳಕೆಯ ಒಣ ವ್ಯಾಕ್ಯೂಮಿನಲ್ಲಿ ಎಳೆದ ಗಾಳಿಯೇ ಮೋಟರಿನ ಮೇಲೆ ಹಾದುಹೋಗುತ್ತದೆ. ದಂಬೆಯ ಒದ್ದೆ ಕೆಸರಿಗೆ ಅದನ್ನು ಬಳಸಿದರೆ ಮೋಟರು ಸುಡುವುದಷ್ಟೇ ಅಲ್ಲ, ಶಾಕ್ ಕೂಡ ಹೊಡೆಯುತ್ತದೆ.

ಉಡುಪಿ: ಸರ್, ಬಳಸಿದ ಯಂತ್ರ ಕೊಳ್ಳುವುದಾದರೆ ಎಷ್ಟು ಕೊಡಬಹುದು? ಜಿಎಸ್‌ಟಿ ಬಿಲ್ ಇಲ್ಲದೆ ಕೊಳ್ಳಬಹುದೇ?

ಶಿರಸಿ: ಇಷ್ಟೆಲ್ಲ ಏಕೆ? ದಂಬೆಗೆ ಬಲೆ ಹಾಕಿಸಿದರೆ ಎಲೆಯೇ ಬೀಳುವುದಿಲ್ಲ. ಇನ್ನೊಂದು ಗುಂಪಿನಲ್ಲಿ ಬಂದದ್ದನ್ನು ಇಲ್ಲಿ ಹಾಕುತ್ತಿದ್ದೇನೆ: ತಿಂಗಳಿಗೊಮ್ಮೆ ಬ್ಲೀಚಿಂಗ್ ಪುಡಿ ಉದುರಿಸಿ, ಮೇಲೆ ಸ್ವಲ್ಪ ಶೌಚಾಲಯದ ಆಸಿಡ್ ಸುರಿದರೆ ಪಾಚಿ ಬೇರುಸಹಿತ ಹೋಗುತ್ತದೆ. ಎಲ್ಲರಿಗೂ ತಿಳಿಸಿ.

ತಂತ್ರಜ್ಞ: ಯಾರಿಗೂ ತಿಳಿಸಬೇಡಿ. ಬ್ಲೀಚಿಂಗ್ ಪುಡಿಗೆ ಆಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಏಣಿಯ ಮೇಲೆ, ದಂಬೆಗೆ ಮುಖವಿಟ್ಟು ನಿಂತವನು ಅದನ್ನು ಉಸಿರಾಡಿದರೆ ಕೆಳಗೆ ಬೀಳುತ್ತಾನೆ. ಸತುವು ಬಳಿದ ತಗಡು ತುಕ್ಕು ಹಿಡಿಯುವುದು, ಆ ನೀರು ಬಾವಿಗೆ ಇಳಿಯುವುದು ಆಮೇಲಿನ ಮಾತು.

ಪುತ್ತೂರು: ಬಲೆ ಹಾಕಿದರೂ ಹಲಸಿನ ಎಲೆ ಬಲೆಯ ಮೇಲೆ ಅಂಟಿಕೊಂಡು ನೀರು ಹೊರಗೆ ಧುಮುಕುತ್ತದೆ ಅಣ್ಣ. ಗಾಳಿಮರದ ಸೂಜಿಯೆಲೆ ಬಲೆಯ ಕಣ್ಣಿನಲ್ಲಿ ಇಳಿದು ಕೂರುತ್ತದೆ.

ಶಿರಸಿ: ನಮ್ಮ ಕಡೆ ಹಾಕಿಸಿದ್ದೇವೆ, ಏನೂ ಆಗಿಲ್ಲ.

ಬೆಂಗಳೂರು: ಪೀಣ್ಯದ ಕಾರ್ಖಾನೆ ಶೆಡ್ಡುಗಳ ಗುತ್ತಿಗೆ ಸಿಕ್ಕಿದೆ. ದಂಬೆ 12 ಮೀಟರ್ ಎತ್ತರದಲ್ಲಿದೆ. ಎರಡು ಮೋಟರು ಸಾಕೇ, ಮೂರು ಬೇಕೇ?

ದಾವಣಗೆರೆ: 12 ಮೀಟರ್ ಸಾಧ್ಯವೇ ಇಲ್ಲ. ವಾತಾವರಣದ ಒತ್ತಡ ನೀರನ್ನು 10.3 ಮೀಟರಿಗಿಂತ ಮೇಲೆ ಎತ್ತಲಾರದು. ಇದು ಭೌತಶಾಸ್ತ್ರ. ಮಾರುವವರು ಸುಳ್ಳು ಹೇಳುತ್ತಾರೆ.

ತಂತ್ರಜ್ಞ: 10.3 ಮೀಟರಿನ ಲೆಕ್ಕ ಸರಿ, ಆದರೆ ಇಲ್ಲಿಗೆ ಸಲ್ಲದು. ದಂಬೆ ಮೇಲಿದೆ, ಯಂತ್ರ ನೆಲದಲ್ಲಿದೆ. ಕಸ ಇಳಿಯುತ್ತದೆ, ಏರುವುದಿಲ್ಲ. ಕೋಲಿನ ತುದಿಯ ಬಾಗಿದ ಮೂತಿಯಲ್ಲಿ ಒಂದೆರಡು ಗೇಣು ಮೇಲೆ ಬಂದರೆ ಆಮೇಲೆ ಅದರ ತೂಕವೇ ಅದನ್ನು ಕೆಳಗೆ ಎಳೆಯುತ್ತದೆ. ಆದ್ದರಿಂದ ನಿಮಗೆ ಬೇಕಾದದ್ದು ಹೆಚ್ಚು ಗಾಳಿ. ಮೋಟರುಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದಾಗ ಎಳೆಯುವ ಒತ್ತಡ ಅಷ್ಟೇ ಇರುತ್ತದೆ, ಹರಿಯುವ ಗಾಳಿ ಹೆಚ್ಚುತ್ತದೆ. 50 ಮಿ.ಮೀ. ಕೊಳವೆಯಲ್ಲಿ ಗಂಟೆಗೆ 150 ಘನ ಮೀಟರ್ ಗಾಳಿ ಹರಿದರೆ ವೇಗ ಸೆಕೆಂಡಿಗೆ ಸುಮಾರು 21 ಮೀಟರ್. ಒದ್ದೆ ಎಲೆಗೆ ಅದಕ್ಕಿಂತ ಕಡಿಮೆಯಾದರೆ ಮೂತಿಯ ಬಾಗಿನಲ್ಲೇ ಕಟ್ಟಿಕೊಳ್ಳುತ್ತದೆ. 12 ಮೀಟರ್ ಕೋಲು, ಅದರ ಮೇಲೆ ಉದ್ದನೆಯ ಹೋಸು ಎಂದರೆ ಮೂರು ಮೋಟರು ಬೇಕು. ಕೋಲಿನ ಪ್ರತಿ ಜೋಡಣೆಯಲ್ಲೂ ಗಾಳಿ ಸೋರದಂತೆ ನೋಡಿಕೊಳ್ಳಿ.

ಶೆಡ್ಡಿನ ಹೊದಿಕೆ ಯಾವುದು? ಹಳೆಯ ಸಿಮೆಂಟ್ ಶೀಟೇ?

ಬೆಂಗಳೂರು: ಹೌದು ಸರ್, ಹಳೆಯ ಬೂದುಬಣ್ಣದ ಅಲೆಅಲೆಯ ಶೀಟು.

ತಂತ್ರಜ್ಞ: ಹಾಗಾದರೆ ಆಸ್ಬೆಸ್ಟಾಸ್ ಇದೆ ಎಂದೇ ಭಾವಿಸಿ. ಸವೆದ ಶೀಟಿನ ನಾರು ಮಳೆಯೊಂದಿಗೆ ದಂಬೆಯಲ್ಲಿ ಬಂದು ಕೂರುತ್ತದೆ. ಸಾಮಾನ್ಯ ಯಂತ್ರ ಅದನ್ನು ಎಳೆದು ಹಿಂದಿನಿಂದ ಗಾಳಿಗೆ ಊದುತ್ತದೆ, ನಿಮ್ಮ ಹುಡುಗರು ಅದನ್ನೇ ಉಸಿರಾಡುತ್ತಾರೆ. ಅದಕ್ಕೆಂದೇ ಇರುವ ಶೋಧಕದ ಯಂತ್ರವಿಲ್ಲದೆ ಒಪ್ಪಿಕೊಳ್ಳಬೇಡಿ. ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ, ಕಾಲಿಟ್ಟರೆ ಒಡೆಯುತ್ತದೆ.

ದಾವಣಗೆರೆ: ಆದರೂ ಮೂತಿಯಲ್ಲಿ ಮೇಲಕ್ಕೆ ಎತ್ತಲೇಬೇಕಲ್ಲ?

ತಂತ್ರಜ್ಞ: ಹೇಳಿದ್ದೇನೆ. ಒಂದೆರಡು ಗೇಣು.

ತೀರ್ಥಹಳ್ಳಿ: ಸರ್, ನಮ್ಮದು ಮೂರು ಮೋಟರಿನ ಯಂತ್ರ, ಕಾರ್ಬನ್ ಫೈಬರ್ ಕೋಲು, 5 ಕೆವಿಎ ಪೆಟ್ರೋಲ್ ಜನರೇಟರ್. ಕಳೆದ ವಾರ ಅಡಿಕೆ ತೋಟದ ನಡುವಿನ ಮನೆಯೊಂದರಲ್ಲಿ ಕೋಲು ಹಿಡಿದ ಹುಡುಗನಿಗೆ ಮಣಿಕಟ್ಟಿನವರೆಗೆ ಜುಮ್ಮೆಂದಿತು. ಯಂತ್ರ ಚೆನ್ನಾಗಿಯೇ ಓಡುತ್ತಿದೆ. ಜನರೇಟರಿನ ಪಕ್ಕ, ಕರೆಂಟು ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಆರ್‌ಸಿಸಿಬಿ ಹಾಕಿದ್ದೇವೆ, ಅದು ಬೀಳಲಿಲ್ಲ. ಗಾಬರಿಪಡುವಂಥದ್ದೇ?

ತಂತ್ರಜ್ಞ: ಆ ಯಂತ್ರ ಈಗ ಓಡುತ್ತಿದೆಯೇ? ಓಡುತ್ತಿದ್ದರೆ ನಿಲ್ಲಿಸಿ, ಆಮೇಲೆ ಇದಕ್ಕೆ ಉತ್ತರಿಸಿ. ಚಟ್ಟೆಂದು ಒಮ್ಮೆ ಹೊಡೆದು ಬಿಟ್ಟಿತೇ, ಅಥವಾ ಹಿಡಿದಷ್ಟು ಹೊತ್ತೂ ಜುಮ್ಮೆನ್ನುತ್ತಿತ್ತೇ? ದಂಬೆಯಲ್ಲಿದ್ದದ್ದು ಒಣ ಎಲೆಯೇ, ಕೆಸರೇ? ಹುಡುಗನ ಕಾಲಿನಲ್ಲಿ ಏನಿತ್ತು?

ಶಿರಸಿ: ಕೋಲಿಗೆ ಸೈಕಲ್ ಟ್ಯೂಬ್ ಸುತ್ತಿ, ರಬ್ಬರ್ ಚಪ್ಪಲಿ ಹಾಕಿಸಿ. ಎಷ್ಟೋ ಜನ ಹೀಗೆಯೇ ಮಾಡುತ್ತಾರೆ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಸುರಿದರೆ ಇನ್ನೂ ಒಳ್ಳೆಯದು.

ತೀರ್ಥಹಳ್ಳಿ: ನಿಲ್ಲಿಸಿದ್ದೇವೆ ಸರ್. ಹಿಡಿದಷ್ಟು ಹೊತ್ತೂ ಜುಮ್ಮೆನ್ನುತ್ತಿತ್ತು. ಹಿಂದಿನ ದಿನ ಮಳೆ ಬಂದು ಪೂರ್ತಿ ಕೆಸರು. ಬರಿಗಾಲು.

ತಂತ್ರಜ್ಞ: ಇದನ್ನು ಎಲ್ಲರೂ ಓದಿ.

ಒಣ ಎಲೆ ಪ್ಲಾಸ್ಟಿಕ್ ಕೊಳವೆಯಲ್ಲಿ ಉಜ್ಜಿಕೊಂಡು ಓಡುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಅದು ಚಟ್ಟೆಂದು ಹೊಡೆದು ಮುಗಿಯುತ್ತದೆ, ಬೇಸಿಗೆಯಲ್ಲೇ ಹೆಚ್ಚು. ಇವರದು ಅದಲ್ಲ. ಕೆಸರಿನಲ್ಲಿ, ಬರಿಗಾಲಿನಲ್ಲಿ, ಹಿಡಿದಷ್ಟು ಹೊತ್ತೂ ಜುಮ್ಮೆನ್ನುವುದೆಂದರೆ ಕರೆಂಟು ಸೋರುತ್ತಿದೆ. ಮೋಟರಿನಿಂದ ಯಂತ್ರದ ಲೋಹದ ತೊಟ್ಟಿಗೆ, ತೊಟ್ಟಿಯಿಂದ ಹೋಸಿನೊಳಗಿನ ಉಕ್ಕಿನ ಸುರುಳಿ ಅಥವಾ ಒದ್ದೆ ಕೆಸರಿನ ಮೂಲಕ ಕೋಲಿಗೆ. ಕಾರ್ಬನ್ ಫೈಬರ್ ಹಗುರವೆಂದು ಕೊಳ್ಳುತ್ತೀರಿ. ಅದು ವಿದ್ಯುತ್ ಹರಿಸುವ ವಸ್ತು ಎಂಬುದನ್ನು ಮಾರುವವರು ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ.

ಆರ್‌ಸಿಸಿಬಿ ಏಕೆ ಬೀಳಲಿಲ್ಲ? ಸಣ್ಣ ಜನರೇಟರುಗಳು ಅನೇಕವು ತೇಲುವ ವೈಂಡಿಂಗಿನವು, ಅಂದರೆ ಅವುಗಳ ನ್ಯೂಟ್ರಲ್ ನೆಲಕ್ಕೂ ಚೌಕಟ್ಟಿಗೂ ಜೋಡಣೆಯಾಗಿರುವುದಿಲ್ಲ. ಸೋರಿದ ಕರೆಂಟಿಗೆ ಮೈ ಮೂಲಕ ನೆಲಕ್ಕಿಳಿದು ಜನರೇಟರಿಗೆ ಮರಳುವ ಸರಿಯಾದ ದಾರಿಯಿಲ್ಲ. ಆದ್ದರಿಂದ ಹುಡುಗನಿಗೆ ಬರೀ ಜುಮ್ಮೆಂದಿತು, 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಏನೂ ತಿಳಿಯಲಿಲ್ಲ. ಜುಮ್ಮೆಂದದ್ದು ಸಣ್ಣದು, ದೋಷ ದೊಡ್ಡದಿರಬಹುದು. ಇದೇ ಹೊತ್ತಿನಲ್ಲಿ ವೈರಿನ ಇನ್ನೊಂದು ಎಳೆ ಎಲ್ಲಾದರೂ ಹೊದಿಕೆ ಹರಿದು ಒದ್ದೆ ಹುಲ್ಲಿಗೆ ತಾಗಿದ್ದರೆ ಮರಳುವ ದಾರಿ ಪೂರ್ತಿಯಾಗುತ್ತಿತ್ತು. ಆಗ ಆ ಹುಡುಗನಿಗೆ ಕೋಲನ್ನು ಬಿಡಲು ಆಗುತ್ತಿರಲಿಲ್ಲ.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದಾಗ ಬೀಳುತ್ತದೆ ಎಂದು ನೆಮ್ಮದಿ ಪಡಬೇಡಿ. ಆ ಬಟನ್ನಿಗೆ ಅರ್ಥಿಂಗ್ ಬೇಕಿಲ್ಲ, ಅದು ಒಳಗಿನ ಯಾಂತ್ರಿಕತೆಯನ್ನಷ್ಟೇ ಪರೀಕ್ಷಿಸುತ್ತದೆ. ಜನರೇಟರಿನಲ್ಲಿ ನ್ಯೂಟ್ರಲನ್ನು ಚೌಕಟ್ಟಿಗೂ ಅರ್ಥಿಗೂ ಜೋಡಿಸಿ, ಆಮೇಲೆ ಆರ್‌ಸಿಸಿಬಿ ಬರುವಂತೆ ಮಾಡಬೇಕು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಜನರೇಟರನ್ನು ಮನೆಯ ಸಾಕೆಟ್ಟಿಗೆ ಹಿಂದಿನಿಂದ ಕೊಡುವ ಸಾಹಸ ಬೇಡವೇ ಬೇಡ. ಆ ಕರೆಂಟು ಹಿಮ್ಮುಖವಾಗಿ ಬೀದಿಯ ತಂತಿಗೆ ಏರಿ, ಕಂಬದಲ್ಲಿ ಕೆಲಸ ಮಾಡುತ್ತಿರುವ ಲೈನ್‌ಮ್ಯಾನ್ ಸಾಯುತ್ತಾನೆ.

ನಾಳೆ ಮೂರು ಮೋಟರುಗಳನ್ನೂ ಬೇರೆಬೇರೆಯಾಗಿ 500 ವೋಲ್ಟಿನ ಮೆಗ್ಗರಿನಲ್ಲಿ (ಕರೆಂಟು ಸೋರದಂತೆ ತಡೆಯುವ ಶಕ್ತಿಯನ್ನು ಅಳೆಯುವ ಉಪಕರಣ; ಅಂಕಿ ಕಡಿಮೆಯಾದಷ್ಟೂ ಸೋರಿಕೆ ಹೆಚ್ಚು) ಅಳೆಸಿ, ಅಂಕಿಗಳನ್ನು ಇಲ್ಲಿ ಹಾಕಿ.

ಶಿರಸಿಯವರೇ, ಸೈಕಲ್ ಟ್ಯೂಬಿನ ಮಾತನ್ನು ದಯವಿಟ್ಟು ಅಳಿಸಿ. ಉಪ್ಪು, ಇದ್ದಿಲು ಅರ್ಥ್ ಗುಂಡಿಗೆ ಹಾಕುವುದು ಸರಿಯಾದ ರೂಢಿಯೇ. ಆದರೆ ಜನರೇಟರಿನಿಂದ ಆ ಗುಂಡಿಗೆ ತಂತಿಯೇ ಇಲ್ಲದಿರುವಾಗ ಅದರಿಂದ ಏನು ಫಲ?

ಶಿರಸಿ: ಅನುಭವದಿಂದ ಹೇಳಿದ್ದೇನೆ. ಎಲ್ಲವನ್ನೂ ಓದಿ ಕಲಿತವರಷ್ಟೇ ಹೇಳಬೇಕು ಎಂದಿದೆಯೇ?

ಪುತ್ತೂರು: ಅಣ್ಣ, ಯಾರದೋ ಮಗನ ಜೀವದ ಪ್ರಶ್ನೆ. ಟ್ಯೂಬ್ ಸುತ್ತಿ ನೀವು ಹಿಡಿಯುತ್ತೀರಾ?

ಶಿರಸಿ: ನಿನ್ನೆ ಶುರು ಮಾಡಿದವರು ನನಗೆ ಬುದ್ಧಿ ಹೇಳುವುದು ಬೇಡ.

ಸಾಗರ: ಎಷ್ಟು ವಾಟಿನ ಯಂತ್ರ ತೆಗೆದುಕೊಳ್ಳಲಿ ಸರ್?

ತಂತ್ರಜ್ಞ: ಮೇಲೆ ಪುತ್ತೂರಿನವರಿಗೆ ಬರೆದಿದ್ದೇನೆ.

ಲೆಸ್ಟರ್, ಇಂಗ್ಲೆಂಡ್: ನಮಸ್ಕಾರ. ಇಲ್ಲಿ ಕಟ್ಟಡ ನಿರ್ಮಾಣದ ಸ್ಥಳವೊಂದರಲ್ಲಿ 110 ವೋಲ್ಟ್ ಮಾತ್ರ ಬಳಸಬೇಕೆನ್ನುತ್ತಿದ್ದಾರೆ. ನನ್ನದು 230ರ ಯಂತ್ರ. ವೋಲ್ಟ್ ಇಳಿಸುವ ಹಳದಿ ಟ್ರಾನ್ಸ್‌ಫಾರ್ಮರ್ ಕೊಂಡರೆ ಸಾಕೇ?

ತಂತ್ರಜ್ಞ: ಸಾಲದು. 230ರ ಮೋಟರು 110ರಲ್ಲಿ ಎಳೆಯುವುದೇ ಇಲ್ಲ, 110ಕ್ಕೆಂದೇ ಮಾಡಿದ ಯಂತ್ರ ಬೇಕು. ಆ ಪದ್ಧತಿ ನಿಜಕ್ಕೂ ಒಳ್ಳೆಯದು: ಟ್ರಾನ್ಸ್‌ಫಾರ್ಮರಿನ ನಡುವಿನ ಬಿಂದುವನ್ನು ಅರ್ಥ್ ಮಾಡಿರುವುದರಿಂದ ನೆಲಕ್ಕೆ 55 ವೋಲ್ಟಿಗಿಂತ ಹೆಚ್ಚು ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಮೇಲೆ 3.3 ಕೆವಿಎ ಎಂದಿದ್ದರೆ ಅದು ಆಗಾಗ ಓಡುವ ಡ್ರಿಲ್ಲಿನಂಥ ಉಪಕರಣಗಳಿಗೆ ಕೊಟ್ಟ ಅಂಕಿ. ಬಿಡದೆ ಓಡುವ ವ್ಯಾಕ್ಯೂಮಿಗೆ ಸುಮಾರು ಅರ್ಧವೆಂದು ಹಿಡಿಯಿರಿ.

ಉಡುಪಿ: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ ಸರ್. ಬಳಸಿದ ಯಂತ್ರದ ಬೆಲೆ?

ಮಡಿಕೇರಿ: ನಮ್ಮಲ್ಲಿ ಮಳೆ ಹಿಡಿದರೆ ಕರೆಂಟಿಲ್ಲ, ಜನರೇಟರಿನ ಸದ್ದಿಗೆ ಹೋಂಸ್ಟೇಯವರು ಒಪ್ಪುವುದಿಲ್ಲ. ಪಿಕಪ್ಪಿನಲ್ಲಿ 150 ಎಎಚ್ ಬ್ಯಾಟರಿ, ಇನ್ವರ್ಟರ್ ಇಟ್ಟು ಓಡಿಸಬಹುದೇ?

ತಂತ್ರಜ್ಞ: 12 ವೋಲ್ಟಿನಿಂದ 2400 ವಾಟ್ ತೆಗೆಯಲು 200 ಆಂಪಿಯರಿಗೂ ಹೆಚ್ಚು ಎಳೆಯಬೇಕು. ಮನೆಯ ಇನ್ವರ್ಟರಿನ ಸೀಸದ ಬ್ಯಾಟರಿ ಆ ಹೊರೆಗೆ ಅರ್ಧ ಗಂಟೆಯೂ ಬಾಳುವುದಿಲ್ಲ. ಒಂದೇ ಮೋಟರು, 48 ವೋಲ್ಟಿನ 100 ಎಎಚ್ ಲಿಥಿಯಂ ಬ್ಯಾಟರಿಯಾದರೆ ಮೂರು ಗಂಟೆ ನಡೆದೀತು. ಜನರೇಟರಿನ ಸದ್ದು ತಗ್ಗಿಸಲು ಅದನ್ನು ಕಾರಿನ ಶೆಡ್ಡಿನೊಳಗೆ ಇಡಬೇಡಿ. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಕೊಡಗಿನವರಿಗೂ ಮಲೆನಾಡಿನವರಿಗೂ ಇನ್ನೊಂದು ಮಾತು. ಕೋಲು ಎತ್ತುವ ಮುನ್ನ ತಲೆಯೆತ್ತಿ ತಂತಿ ನೋಡಿ. ಕಟ್ಟಡದಿಂದ 11 ಕೆವಿ ತಂತಿ ಅಡ್ಡಲಾಗಿ 1.2 ಮೀಟರ್ ದೂರವಿದ್ದರೆ ನಿಯಮಕ್ಕೆ ಸರಿ. ಆ ಅಂತರ ಅಲುಗದೆ ನಿಂತ ಕಟ್ಟಡಕ್ಕೆ ಹೇಳಿದ್ದು, ನಿಮ್ಮ ಕೈಯಲ್ಲಿ ತೂಗಾಡುವ ಹತ್ತು ಮೀಟರಿನ ಕೋಲಿಗಲ್ಲ. ತಂತಿ ಹತ್ತಿರವಿದ್ದರೆ ಮೊದಲೇ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಬರೆದುಕೊಟ್ಟು ಲೈನ್ ಕ್ಲಿಯರ್ (ತಂತಿಯ ಕರೆಂಟು ತೆಗೆದಿದ್ದೇವೆ ಎಂಬ ಒಪ್ಪಿಗೆ) ಪಡೆಯಿರಿ. ಸಿಗದಿದ್ದರೆ ಆ ಬದಿಯ ದಂಬೆಯನ್ನು ಬಿಡಿ.

ಶಿವಮೊಗ್ಗ: ಅದಕ್ಕೆಲ್ಲ ಕಾಯುತ್ತ ಕುಳಿತರೆ ದಿನಕ್ಕೆ ಒಂದು ಮನೆಯೂ ಮುಗಿಯುವುದಿಲ್ಲ. ನಿಮಗೆ ಸಂಬಳ ಬರುತ್ತದೆ, ನಮಗೆ ಬರುವುದಿಲ್ಲ.

ತಂತ್ರಜ್ಞ: ನನಗೂ ಸಂಬಳವಿಲ್ಲ, ಅಂಗಡಿಯಿದೆ. ಮುಗಿಯದಿದ್ದರೆ ಮುಗಿಯದಿರಲಿ.

ಹಾಸನ: ಇದೇ ಯಂತ್ರದಿಂದ ಶೌಚಗುಂಡಿಯ ಕೆಸರನ್ನೂ ಎಳೆಯಬಹುದೇ? ಒಬ್ಬನನ್ನು ಒಳಗಿಳಿಸಿ ಹೋಸು ಹಿಡಿಸಿದರೆ ಬೇಗ ಆಗುತ್ತದೆ ಎಂದು ಒಬ್ಬರು ಹೇಳಿದರು.

ತಂತ್ರಜ್ಞ: ಇಲ್ಲ. ಗುಂಡಿಯಲ್ಲಿ ಬೆಂಕಿ ಹಿಡಿಯುವ ಮೀಥೇನ್ ಇರುತ್ತದೆ, ಈ ಮೋಟರಿನ ಬ್ರಷ್ಷಿನಲ್ಲಿ (ತಿರುಗುವ ಭಾಗಕ್ಕೆ ಕರೆಂಟು ಕೊಡುವ ಕಾರ್ಬನ್ ತುಂಡು) ಕಿಡಿ ಹಾರುತ್ತದೆ. ಒಳಗಿಳಿದವನು ವಿಷಾನಿಲಕ್ಕೆ ಕ್ಷಣದಲ್ಲಿ ಕುಸಿಯುತ್ತಾನೆ. ಯಾವ ರಕ್ಷಣೆಯೂ ಇಲ್ಲದೆ ಮನುಷ್ಯನನ್ನು ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಡಿ ಅಪರಾಧ. ನಗರಸಭೆಯ ಸಕ್ಕಿಂಗ್ ಯಂತ್ರ ಕರೆಸಿ. ಹಾಗೆ ಹೇಳಿದವರ ಜೊತೆ ಕೆಲಸ ಮಾಡಬೇಡಿ.

ಸಾಗರ: ವಾಟ್ ಎಷ್ಟು ಎಂದು ಇನ್ನೂ ತಿಳಿಯಲಿಲ್ಲ.

ತಂತ್ರಜ್ಞ: ಮೇಲೆ ಓದಿ.

ದಾವಣಗೆರೆ: ಕೇಳಿದವರಿಗೆ ಹೀಗೆ ಉತ್ತರಿಸುವುದಾದರೆ ಪ್ರಶ್ನೋತ್ತರ ಏಕೆ ಇಟ್ಟಿರಿ?

ಪುತ್ತೂರು: ಓದದೆ ಕೇಳುವವರಿಗೆ ಮತ್ತೆ ಹೇಗೆ ಉತ್ತರಿಸಬೇಕು?

ತೀರ್ಥಹಳ್ಳಿ (ಮರುದಿನ): ಸರ್, ಅಳೆಸಿದೆವು. ಎರಡು ಮೋಟರು 20 ಮೆಗಾಓಮಿಗಿಂತ ಹೆಚ್ಚು, ಒಂದು 0.1.

ತಂತ್ರಜ್ಞ: ಆ ಒಂದರೊಳಗೆ ನೀರು ಹೋಗಿದೆ. ತೊಟ್ಟಿ ತುಂಬಿದಾಗ ಗಾಳಿಯನ್ನು ಮುಚ್ಚಬೇಕಾದ ತೇಲುಗುಂಡಿನ ಪಂಜರ ಬಿಚ್ಚಿ ನೋಡಿ.

ತೀರ್ಥಹಳ್ಳಿ: ಪಂಜರದಲ್ಲಿ ಪಾಚಿ ಗಟ್ಟಿಯಾಗಿ ಮೆತ್ತಿದೆ. ಗುಂಡು ಅಲುಗುತ್ತಲೇ ಇಲ್ಲ. ಮೋಟರನ್ನು ಬಿಸಿಲಿಗಿಟ್ಟು ಒಣಗಿಸಿದರೆ ಆಗುತ್ತದೆಯೇ? ಸೋಮವಾರಕ್ಕೆ ಎರಡು ಮನೆ ಒಪ್ಪಿಕೊಂಡಿದ್ದೇವೆ.

ತಂತ್ರಜ್ಞ: ಇಲ್ಲ. ಬ್ರಷ್ಷಿನ ಕರಿ ಪುಡಿ ನೀರಿನೊಂದಿಗೆ ಬೆರೆತು ಒಳಗೆ ಅಂಟಿದೆ, ಬಿಸಿಲಿಗೆ ನೀರು ಆರಿದರೂ ಆ ಪುಡಿ ಕರೆಂಟಿಗೆ ದಾರಿಯಾಗಿ ಉಳಿಯುತ್ತದೆ. ಮೋಟರು ಬದಲಿಸಿ. ಪಂಜರವನ್ನು ಪ್ರತಿ ಸಂಜೆ ತೊಳೆಯಿರಿ. ಹೋಸು, ವೈರು ಮೊದಲಿನಿಂದ ಕೊನೆಯವರೆಗೆ ಕೈಯಾಡಿಸಿ ನೋಡಿ. ಜನರೇಟರಿನ ನ್ಯೂಟ್ರಲ್ ಜೋಡಣೆ ಆದ ಮೇಲೆ ಅದರ ಚಿತ್ರ ಕಳುಹಿಸಿ. ಸೋಮವಾರದ ಮನೆಗಳವರಿಗೆ ಇಂದೇ ಫೋನ್ ಮಾಡಿ, ಮುಂದಿನ ವಾರ ಬರುತ್ತೇವೆಂದು ಹೇಳಿ.