ಅಪ್‌ಡೇಟ್: ಹಿಂದಿನ ಚಕ್ರ ಎಡಕ್ಕೆ ವಾಲಿದ್ದು, ಫ್ರೇಮ್ ಬಚಾವ್
ಮೊನ್ನೆ ಕೇಳಿದ್ನಲ್ಲ, ಎಂಟಿಬಿ (ಮೌಂಟನ್ ಬೈಕ್ ಸೈಕಲ್) ಹಿಂದಿನ ಟೈರಿಗೂ ಫ್ರೇಮಿಗೂ ಗ್ಯಾಪ್ ಎಡಗಡೆ 6 ಮಿ.ಮೀ., ಬಲಗಡೆ 12, ಫ್ರೇಮೇ ಸೊಟ್ಟ ಆಗಿದ್ಯಾ ಅಂತ. ಮೊದ್ಲು ಕ್ವಿಕ್ ರಿಲೀಸ್ (ಚಕ್ರ ಬಿಗಿಯೋ ಲಿವರ್) ಲೂಸ್ ಮಾಡಿ, ಸೈಕಲ್ ನೆಲದ ಮೇಲೆ ನಿಲ್ಸಿ ಆಕ್ಸಲ್ ಸರಿಯಾಗಿ ಕೂರ್ಸಿದೆ, ಏನೂ ಬದಲಾಗ್ಲಿಲ್ಲ. ಆಮೇಲೆ ನೀವು ಹೇಳ್ದಂಗೆ ಚಕ್ರ ಎಡ-ಬಲ ಉಲ್ಟಾ ಹಾಕ್ದೆ (ನಂದು ರಿಮ್ ಹಿಡಿಯೋ ವಿ-ಬ್ರೇಕ್, ಡಿಸ್ಕ್ ಬ್ರೇಕ್ ತಲೆನೋವಿಲ್ಲ), ಕಮ್ಮಿ ಗ್ಯಾಪ್ ಬಲಕ್ಕೆ ಬಂತು! ಅಂದ್ರೆ ತಪ್ಪು ಚಕ್ರದ್ದೇ, ಫ್ರೇಮ್‌ದಾಗಿದ್ರೆ ಎಡಕ್ಕೇ ಇರ್ತಿತ್ತು. ರಿಮ್ 3 ಮಿ.ಮೀ. ಎಡಕ್ಕೆ ಸರಿದಿದೆ, ಸ್ಪೋಕ್ ಬದಲಾಯಿಸಿದೋರು ಡಿಶ್ (ರಿಮ್ ಆಕ್ಸಲ್ಲಿನ ನಟ್ಟನಡುವೆ ಇದ್ಯಾ ಅನ್ನೋದು) ನೋಡೇ ಇಲ್ಲ ಅನ್ಸುತ್ತೆ. ಎಡಗಡೆ ನಿಪಲ್ (ಸ್ಪೋಕ್ ಬಿಗಿಯೋ ಪುಟ್ಟ ನಟ್) ಎಲ್ಲಾ ಅರ್ಧ ಸುತ್ತು ಲೂಸ್, ಬಲಗಡೆ ಕಾಲು ಕಾಲು ಸುತ್ತು ಟೈಟ್ ಮಾಡ್ತಾ ಹೋದೆ, ಮಧ್ಯೆ ರಿಮ್ ಅಲ್ಲಾಡಕ್ಕೆ ಶುರುವಾಗಿ ಬೆವರಿಳೀತು. ಈಗ ಎರಡೂ ಕಡೆ 9.