ಮುಂದಿನ ಚಕ್ರದ ಹತ್ತಿರ ಕಟಕಟ ಸದ್ದು: ಸ್ಟೆಬಿಲೈಜರ್ ಬಾರ್ ಪೂರ್ತಿ ಬದಲಿಸಬೇಕಾ?

ಘಾಟಿ ದಾರಿ:
ಪೆಟ್ರೋಲ್ ಹ್ಯಾಚ್‌ಬ್ಯಾಕ್, 70,000 ಕಿ.ಮೀ. ಆಗಿದೆ. ಕಿತ್ತುಹೋದ ರಸ್ತೆಯಲ್ಲಿ 20–30ರ ವೇಗದಲ್ಲಿ ಮುಂದೆ ಎಡಗಡೆಯಿಂದ ಕಟಕಟ ಸದ್ದು. ಹಂಪನ್ನು ನೆಟ್ಟಗೆ ಹತ್ತಿಸಿದರೆ ಇಲ್ಲ, ಓರೆಯಾಗಿ ಹತ್ತಿಸಿದರೆ ಇದೆ. ಗ್ಯಾರೇಜಿನಲ್ಲಿ ಬಾರ್, ಲಿಂಕ್, ಬುಷ್ ಎಲ್ಲ ಬದಲಿಸಿ ಅಲೈನ್‌ಮೆಂಟೂ ಮಾಡಿಸಬೇಕು ಅಂತಿದ್ದಾರೆ. ಅಷ್ಟೆಲ್ಲ ಬೇಕಾ? ಈ ಬಾರ್ ಮಾಡೋ ಕೆಲಸವಾದರೂ ಏನು?

ಸ್ಪ್ಯಾನರ್ 14:
ನೆಟ್ಟಗೆ, ಓರೆ ಅಂತ ಅರ್ಧ ಉತ್ತರ ನೀವೇ ಬರೆದಿದ್ದೀರಿ ಸರ್. ಬಾರ್ ಅಂದರೆ ಸ್ಪ್ರಿಂಗ್ ಸ್ಟೀಲಿನ ಯು ಆಕಾರದ ಸರಳು. ನಡುಭಾಗ ಎರಡು ರಬ್ಬರ್ ಬುಷ್‌ಗಳಲ್ಲಿ ಸಬ್‌ಫ್ರೇಮಿಗೆ (ಬಾಡಿಯ ಕೆಳಗಿನ ಚೌಕಟ್ಟು) ಕೂತಿರುತ್ತೆ, ತುದಿಗಳು ಲಿಂಕ್ ಅನ್ನೋ ಗಿಡ್ಡ ಸರಳಿನ ಮೂಲಕ ಸ್ಟ್ರಟ್‌ಗೋ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರೋ ಕಂಬ) ಲೋವರ್ ಆರ್ಮ್‌ಗೋ (ಚಕ್ರವನ್ನು ಕೆಳಗಿಂದ ಹಿಡಿಯೋ ತೋಳು) ಸೇರುತ್ತವೆ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಬಾರ್ ಬುಷ್‌ನೊಳಗೆ ಸುಮ್ಮನೆ ಹೊರಳುತ್ತೆ. ಒಂದೇ ಚಕ್ರ ಎದ್ದಾಗ, ಇಲ್ಲವೇ ತಿರುವಿನಲ್ಲಿ ಬಾಡಿ ವಾಲಿದಾಗ ತಿರುಚಿಕೊಳ್ಳುತ್ತೆ. ತಿರುಚಿದ್ದು ಮತ್ತೆ ನೆಟ್ಟಗಾಗಲು ಒತ್ತುತ್ತಲ್ಲ, ಆ ಒತ್ತಡವೇ ವಾಲುವುದನ್ನು ಕಡಿಮೆ ಮಾಡೋದು. ಲಿಂಕಿನ ತುದಿಯ ಬಾಲ್ ಜಾಯಿಂಟ್ (ಗುಂಡು ಕೀಲು) ಸಡಿಲವಾಗಿದ್ದರೆ ಸದ್ದು ಹುಟ್ಟೋದೂ ಆಗಲೇ.

ಬಾರ್ ಸಾಮಾನ್ಯವಾಗಿ ಕೆಡುವುದಿಲ್ಲ. ಆಕ್ಸಿಡೆಂಟಲ್ಲಿ ಬಾಗಿದ್ದರೆ, ಬಿರುಕಿದ್ದರೆ, ಬುಷ್ ಕೂರೋ ಜಾಗವನ್ನು ತುಕ್ಕು ತಿಂದಿದ್ದರೆ ಮಾತ್ರ ಬದಲಿಸಿ. ಕರಾವಳಿಯ ಗಾಡಿಯಾದರೆ ಆ ಜಾಗ ತಪ್ಪದೆ ನೋಡಿ.

ಲಿಫ್ಟ್ ಕೆಳಗೆ:
ಪರೀಕ್ಷೆ ಮಾಡೋವಾಗ ಎಡ ಚಕ್ರ ಒಂದನ್ನೇ ಜಾಕ್ ಮೇಲೆ ಎತ್ತಬೇಡಿ. ಬಾರ್ ತಿರುಚಿ ಲಿಂಕನ್ನು ಬಿಗಿಹಿಡಿಯುತ್ತೆ, ಕೀಲಿನ ಆಟ (ಸಡಿಲ) ಗೊತ್ತಾಗಲ್ಲ. ಎರಡೂ ಚಕ್ರ ಒಂದೇ ಮಟ್ಟದಲ್ಲಿರಲಿ; ಲಿಂಕ್ ಹಿಡಿದು ಜೋರಾಗಿ ಅಲ್ಲಾಡಿಸಿ. ಟಕ್ ಅಂದರೆ, ಅಥವಾ ಕೀಲಿಗೆ ಹೊದಿಸಿರೋ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಬಂದಿದ್ದರೆ ಬದಲಿಸೋದೇ. ಆದರೂ ಅನುಮಾನವಿದ್ದರೆ ಎರಡೂ ಲಿಂಕ್ ಬಿಚ್ಚಿ, ಬಾರಿನ ತುದಿಗಳು ಎಲ್ಲೂ ತಗುಲದಂತೆ ಕಟ್ಟಿ, ಅದೇ ರಸ್ತೆಯಲ್ಲಿ ನಿಧಾನಕ್ಕೆ ಸ್ವಲ್ಪ ದೂರ ಓಡಿಸಿ. ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತೆ, ಎಚ್ಚರ. ಸದ್ದು ಉಳಿದರೆ ಸ್ಟ್ರಟ್ ಮೌಂಟ್ (ಸ್ಟ್ರಟ್‌ನ ಮೇಲ್ತುದಿ ಬಾಡಿಗೆ ಕೂರೋ ಭಾಗ), ಲೋವರ್ ಆರ್ಮ್ ಬುಷ್, ಸ್ಟಿಯರಿಂಗ್ ರ‍್ಯಾಕ್ ಕಡೆ ಹುಡುಕಬೇಕು.

ಸ್ಪ್ಯಾನರ್ 14:
ಲಿಂಕ್ ಜೋಡಿಯಾಗಿ ಹಾಕಿಸಿ. ನಟ್ ಬಿಚ್ಚುವಾಗ ಅದು ಕೂತಿರೋ ಸ್ಟಡ್ಡೂ (ಲಿಂಕಿನ ಬೋಲ್ಟಿನಂಥ ತುದಿ) ಜೊತೆಗೆ ತಿರುಗುತ್ತೆ. ತುದಿಯಲ್ಲಿ ಅಲೆನ್ ಕೀ ತೂತಿದ್ದರೆ ಅದರಲ್ಲಿ ಹಿಡಿದುಕೊಳ್ಳಿ. ತುಕ್ಕು ಹಿಡಿದಿದ್ದರೆ ಆ ತೂತು ಸವೆದುಹೋಗುತ್ತೆ, ಆಮೇಲೆ ಗ್ರೈಂಡರ್ರೇ ಗತಿ. ಮೊದಲೇ ತುಕ್ಕಿನೆಣ್ಣೆ ಬಿಟ್ಟಿರಿ. ಹಳೇ ಲಾಕ್ ನಟ್ ಮತ್ತೆ ಹಾಕಬೇಡಿ, ಬಿಗಿ ಮ್ಯಾನುಯಲ್ ಹೇಳಿದಷ್ಟೇ ಇರಲಿ. ಬುಷ್ ಬದಲಿಸಿದರೆ ಅದರ ಸೀಳು ಹಳೇದರಲ್ಲಿ ಯಾವ ಕಡೆಗಿತ್ತೋ ಅದೇ ಕಡೆಗೆ. ರಬ್ಬರಿಗೆ ಮಾಮೂಲಿ ಗ್ರೀಸ್ ಬಳಿದರೆ ಅದು ಉಬ್ಬಿ ಹಾಳಾಗುತ್ತೆ. ಸೋಪಿನ ನೀರು ಸಾಕು. ಬುಷ್ ಹಿಡಿಯೋ ಕ್ಲ್ಯಾಂಪ್ ಬೋಲ್ಟ್‌ಗಳ ಕೊನೆಯ ಬಿಗಿ ಗಾಡಿಯ ಭಾರ ಚಕ್ರದ ಮೇಲಿದ್ದಾಗ.

ಘಾಟಿ ದಾರಿ:
ಲಿಂಕೇ ಅಂತ ಖಚಿತವಾಯ್ತು, ಬೂಟ್ ಹರಿದಿದೆ. ಬಿಚ್ಚಿದ ಮೇಲೆ ದಪ್ಪ ಬಾರ್ ಹಾಕಿಬಿಡಬಹುದಾ?

ಲಿಫ್ಟ್ ಕೆಳಗೆ:
ಬೇಡ. ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತೆ: 22 ಮಿ.ಮೀ. ಬದಲು 24 ಹಾಕಿದರೆ ಸುಮಾರು 40% ಹೆಚ್ಚು. ಮುಂದಷ್ಟೇ ದಪ್ಪ ಮಾಡಿದರೆ ತಿರುವಿನಲ್ಲಿ ಮೂತಿ ಹೊರಗೆ ಜಾರುತ್ತೆ, ಒಂದು ಚಕ್ರ ಗುಂಡಿಗಿಳಿದರೂ ಕುಲುಕು ಇನ್ನೊಂದು ಕಡೆಗೆ ದಾಟುತ್ತೆ.

ಅಲೈನ್‌ಮೆಂಟ್ ಬರೀ ಲಿಂಕಿಗೆ ಬೇಕಿಲ್ಲ. ಬುಷ್‌ಗಾಗಿ ಸಬ್‌ಫ್ರೇಮ್ ಇಳಿಸಿದ್ದರೆ ಮಾಡಿಸಿ. ಹಳೇ ಮಾರುತಿ 800 ಥರದ ಗಾಡಿಗಳ ಲೆಕ್ಕ ಬೇರೆ: ಅಲ್ಲಿ ಲೋವರ್ ಆರ್ಮ್ ಹಿಂದೆಮುಂದೆ ಸರಿಯದಂತೆ ಹಿಡಿಯೋದೂ ಈ ಬಾರೇ. ಬುಷ್ ಸತ್ತರೆ ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತೆ.